ಹೆಸರು ತಪ್ಪಿದವರ ಗಣಪತಿ

“ಮಾ ಕೋಥಾಯ್?”

ಫೋನಿನಲ್ಲಿ ನಿರುಪಮ್‌ದಾ ಕೂಗಿದ ರಭಸಕ್ಕೆ ಸಂದೀಪನ ಕೈಯ ಚಹಾ ತುಳುಕಿ ಲುಂಗಿಯ ಮೇಲೆ ಬಿತ್ತು. ಅಮ್ಮ ಎಲ್ಲಿ ಎಂದು ಅಷ್ಟು ಆರ್ತವಾಗಿ ಕೇಳಲು ಅವರೇನೂ ಸಂತೆಯಲ್ಲಿ ಕಳೆದುಹೋದ ಮಗುವಲ್ಲ. ಎಪ್ಪತ್ತು ಸಮೀಪಿಸಿದ, ಸದರ್ನ್ ಅವೆನ್ಯೂ ಪಕ್ಕದ ಈ ಓಣಿಯ ದುರ್ಗಾಪೂಜಾ ಸಮಿತಿಯ ಕಾರ್ಯದರ್ಶಿ.

“ಸೈಟ್ ಖೋಲಾ ತೋ ಓನ್ಲಿ ಗಣೇಶ್! ಮಾ ನಹೀ, ಲೊಕ್ಖೀ ನಹೀ, ಸಿಂಹೋ ಭೀ ನಹೀ! ಸ್ಪಾನ್ಸರ್ ಲೋಗ್ ಪೂಛ್ತಾ ಹೈ, ದಾದಾ, ಇಸ್ ಬಾರ್ ಬೊಂಬೈ ಕಾ ಪೂಜಾ ಕೊರೇಗಾ ಕ್ಯಾ?”

ಸಮಿತಿಯ ವೆಬ್‌ಸೈಟು ತೆರೆದರೆ ದುರ್ಗೆಯಿಲ್ಲ, ಲಕ್ಷ್ಮಿಯಿಲ್ಲ, ತಾಯಿಯ ಪಕ್ಕದಲ್ಲಿ ನಿಲ್ಲಬೇಕಾದ ಮಗ ಗಣೇಶ ಒಬ್ಬನೇ ಬಂದು ಕೂತಿದ್ದಾನೆ, ಈ ಸಲ ಬೊಂಬಾಯಿಯವರ ಪೂಜೆಯೇ ಎಂದು ಪ್ರಾಯೋಜಕರು ಕೇಳುತ್ತಿದ್ದಾರೆ, ದೇವಿ ಬರುವ ಮಹಾಲಯಕ್ಕೆ ಇನ್ನೇನು ಹೆಚ್ಚು ದಿನವಿಲ್ಲ ಎಂಬುದು ಅವರ ಸಂಕಟ. ಸಂದೀಪ ಲುಂಗಿ ಒರೆಸಿಕೊಳ್ಳುತ್ತ, ಅವರದೇ ರಾಗದಲ್ಲಿ, ತುಟಿಯನ್ನು ಅವರಷ್ಟೇ ದುಂಡಗೆ ಮಾಡಿ ಹೇಳಿದ: “ಹೊಯೇ ಜಾಬೇ ದಾದಾ, ಏಕ್‌ದಮ್ ಹೊಯೇ ಜಾಬೇ.” ಆಗಿಬಿಡುತ್ತದೆ. ಕೋಲ್ಕತ್ತಾದಲ್ಲಿ ಅವನು ಮೊದಲು ಕಲಿತ ಬಂಗಾಳಿ ಮಾತೇ ಅದು.

ಫೋನಿಟ್ಟ ಮೇಲೆ ತಿಳಿಯಿತು, ತಪ್ಪು ತನ್ನದೇ.

ಸಂದೀಪ ಪಾರ್ಕ್ ಸ್ಟ್ರೀಟಿನ ಬ್ಯಾಂಕ್ ಕಚೇರಿಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಅಧಿಕಾರಿ. ಈ ಊರಿಗೆ ಬಂದ ಹೊಸತರಲ್ಲಿ ತನ್ನ ಹೆಸರಿನಲ್ಲೊಂದು ವೆಬ್‌ಸೈಟು ಮಾಡಬೇಕೆಂದು ಹುಮ್ಮಸ್ಸು ಬಂದು, ಹೆಸರು ಕೊಂಡು, ಒಂದು ಸರ್ವರನ್ನು ಬಾಡಿಗೆಗೆ ಹಿಡಿದು, ಆ ಹೆಸರಿನ ದಾರಿಯನ್ನು ಅದಕ್ಕೆ ತಿರುಗಿಸಿದ್ದ. ಅವನು ಊರಿನವರ ದನಿಗಳನ್ನು ಅಣಕಿಸುವುದರಲ್ಲಿ ನಿಸ್ಸೀಮ. ಅವನ್ನೆಲ್ಲ ಧ್ವನಿಮುದ್ರಿಸಿ ಅಲ್ಲಿಡುವ ಆಸೆ. ಅಷ್ಟರಲ್ಲಿ ಕನ್ನಡ ಸಂಘದವರು ‘ನಮ್ಮದೂ ಒಂದು’ ಎಂದರು. ಸಂಘದಿಂದ ಸುದ್ದಿ ವಸಂತಾ ಮೇಡಂ ಅವರ ಸಂಗೀತ ಶಾಲೆಗೆ ಹೋಯಿತು, ಅಲ್ಲಿಂದ ಪೂಜಾ ಸಮಿತಿಗೆ, ಅಲ್ಲಿಂದ ದಕ್ಷಿಣೇಶ್ವರದ ಮಿಠಾಯಿ ಅಂಗಡಿಗೆ. ಸರ್ವರ್ ಎಂದರೆ ಸರ್ವರದ್ದೂ ಎಂದೇ ಎಲ್ಲರೂ ತಿಳಿದರು. ಊರಿನಲ್ಲಿ ಹತ್ತು ಸೈಟು ಇದ್ದವನು ಸಾಹುಕಾರ. ಇಲ್ಲಿ ಹತ್ತು ಸೈಟು ಇದ್ದವನು ಜೀತದಾಳು. ಅವನ ಸ್ವಂತದ್ದು ಮಾತ್ರ ಹೆಸರಿನಲ್ಲೇ ಉಳಿಯಿತು. ವರ್ಷ ವರ್ಷ ಆ ಹೆಸರನ್ನು ನವೀಕರಿಸುತ್ತಿದ್ದ, ಅಷ್ಟೆ.

ಒಂದೇ ಸರ್ವರಿನಲ್ಲಿ ಹಲವು ಸೈಟುಗಳೆಂದರೆ ಕೋಲ್ಕತ್ತಾದ ಹಳೆಯ ಮನೆಗಳ ಹಾಗೆ: ಬೀದಿಗೆ ಒಂದೇ ಬಾಗಿಲು, ಒಳಗೆ ಹತ್ತು ಸಂಸಾರ. ಬಂದವರು ಯಾರ ಹೆಸರು ಹೇಳುತ್ತಾರೋ ಬಾಗಿಲಿನ ದರವಾನ ಅವರ ಕೋಣೆ ತೋರಿಸುತ್ತಾನೆ. ಹೆಸರು ತನ್ನಲ್ಲಿ ಬರೆದಿಲ್ಲದಿದ್ದರೆ ‘ಇಲ್ಲ’ ಎನ್ನುವ ಅಭ್ಯಾಸ ಅವನಿಗಿಲ್ಲ. ಸುಮ್ಮನೆ ಮೊದಲ ಕೋಣೆಗೆ ಕಳಿಸಿಬಿಡುತ್ತಾನೆ. ಸರ್ವರ್ ಹಿಡಿದ ದಿನ ಹೆಂಡತಿ ಜಯಂತಿ, “ಮೊದಲ್ ಗಣಪತಿ ಅಲ್ದಾ?” ಎಂದಿದ್ದಳು. ಕುಂದಾಪುರದವರು ಹೊಸ ಮಿಕ್ಸಿಗೂ ಮೊದಲು ಕುಂಕುಮ ಇಡುವವರು. ಸಂದೀಪ ತಮ್ಮ ಮದುವೆ ಕಾಗದದ ಮೇಲಿದ್ದ ಗಣಪತಿಯನ್ನು ಸ್ಕ್ಯಾನ್ ಮಾಡಿ ಮೊದಲ ಕೋಣೆಯಲ್ಲಿ ಕೂರಿಸಿದ್ದ. ಅಂದಿನಿಂದ ಹೆಸರು ತಪ್ಪಿ ಬಂದವರಿಗೆಲ್ಲ ಅವನದೇ ದರ್ಶನ.

ಈಗ ಬಿಡುಗಡೆಯ ಕಾಲ ಬಂದಿತ್ತು. ಜಯಂತಿಗೆ ಕುಂದಾಪುರದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳು ಸೇರಬೇಕು. ಸಂದೀಪನೂ ಊರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದ. ವರ್ಗವೊಂದು ಸಿಕ್ಕರೆ ಸ್ವರ್ಗ ಎಂದು ಮನೆಯಲ್ಲಿ ತಮಾಷೆ ಮಾಡಿದ್ದ. ಸೈಟುಗಳನ್ನು ಒಂದೊಂದಾಗಿ ದಾಟಿಸಿಬಿಡೋಣವೆಂದು ಪೂಜಾ ಸಮಿತಿಯವರಿಗೆ ಬೇರೆ ಕಂಪನಿಯ ಜಾಗ ಕೊಡಿಸಿ, ಇವತ್ತು ಬೆಳಿಗ್ಗೆ ತನ್ನ ಸರ್ವರಿನಿಂದ ಅವರ ಹೆಸರು ತೆಗೆದಿದ್ದ. ಆದರೆ ಹೊಸ ವಿಳಾಸಕ್ಕೆ ದಾರಿ ತಿರುಗಿಸುವ ಕೆಲಸ ಅವರದ್ದು. ಅವರೂ ‘ಹೊಯೇ ಜಾಬೇ’ ಎಂದವರು ತಿರುಗಿಸಿರಲಿಲ್ಲ. ಜನ ಹಳೆಯ ಬಾಗಿಲಿಗೇ ಬರುತ್ತಿದ್ದರು. ಫಲಕ ಕಿತ್ತಿದ್ದ, ಬರುವುದು ನಿಂತಿರಲಿಲ್ಲ.

ಅವನು ಲ್ಯಾಪ್‌ಟಾಪ್ ತೆರೆದು ಸಮಿತಿಯ ಹೆಸರನ್ನು ಮತ್ತೆ ಸೇರಿಸಿದ. ಯಂತ್ರ ಒಮ್ಮೆ ಉಸಿರೆಳೆದುಕೊಂಡಿತು. ದುರ್ಗೆ ಹತ್ತೂ ಕೈಗಳ ಸಮೇತ ಹಾಜರಾದಳು.

“ತೆಗ್ದದ್ದನ್ನ ತಿರ್ಗಿ ಸೇರ್ಸಿದ್ರ್ಯಾ?” ಬಾಗಿಲಲ್ಲಿ ಜಯಂತಿ ನಿಂತಿದ್ದಳು. ಕೈಯಲ್ಲಿ ಅರ್ಧ ಮಡಚಿದ ಸೀರೆ.

“ಪೂಜೆ ಮುಗಿವರಿಗ್ ಅಷ್ಟೆ.”

“ಪೂಜೆ ಮುಗ್ದ್ ಮೇಲ್ ಸಂಘದ್ ರಾಜ್ಯೋತ್ಸವ, ಅದಾದ್ ಮೇಲ್ ವಸಂತಾ ಮೇಡಂ ಸಂಗೀತ. ಹೋಯ್, ಇವತ್ತ್ ಟಿಕೆಟ್ ಮಾಡ್ಕ್. ಎರಡ್ ಮಾಡುದಾ, ನಿಮ್ದೂ ಸೇರ್ಸಿ ಮೂರ್ ಮಾಡುದಾ?”

“ಕಲ್ಲಪ್ಪ ಸರ್ ಹತ್ರ ಅರ್ಜಿ ಇತ್ತಲೆ. ಅವ್ರ್ ಒಂದ್ ಸೈನ್ ಹಾಕಿರೆ...” ಕಲ್ಲಪ್ಪ ಬ್ಯಾಂಕಿನಲ್ಲಿ ಅವನ ಮೇಲಧಿಕಾರಿ, ಕನ್ನಡ ಸಂಘದಲ್ಲಿ ಅಧ್ಯಕ್ಷ.

“ಕೇಣಿ ಅವ್ರನ್ನ. ಸಂಘದ್ ಸೈಟ್ ಬೇರೆಯವ್ರಿಗ್ ಕೊಡ್ತೆ ಅಂದೇಳಿ ಹೇಳಿ. ನೀವ್ ಎಲ್ಲರ್ ಸ್ವರದಗೂ ಹೂಂ ಅಂತ್ರಿ. ನಿಮ್ ಸ್ವರದಗೆ ಒಂದ್ಸಲ ಇಲ್ಲೆ ಅನ್ನಿ, ಕಾಂಬ.”

ಸಂದೀಪ ನಕ್ಕ. ಜಯಂತಿ ನಗಲಿಲ್ಲ. ಸೀರೆಯನ್ನು ಮಂಚದ ಮೇಲೆ ಹಾಕಿ, ಸೊಂಟಕ್ಕೆ ಕೈಯಿಟ್ಟು, ಹೊಟ್ಟೆ ಮುಂದೆ ಮಾಡಿ ನಿಂತಳು. “ನಾನೇ ಕಲ್ಲಪ್ಪ ಅಂದೇಳಿ ತಿಳ್ಕಣಿ. ‘ಏ ಸಂದೀಪಾ, ನಮ್ಮ ಸೈಟ ಯಾರ್ ನೋಡ್ತಾರ್ರೀ?’”

“ಅವ್ರ್ ನಂಗೆ ‘ರೀ’ ಅನ್ನುದಿಲ್ಲೆ ಮಾರಾಯ್ತಿ.”

“ಅನ್ಲಿ ಬಿಡ್ಲಿ, ನೀವ್ ಉತ್ತರ ಹೇಳಿ!”

“ನಂಗ್ ಆತಿಲ್ಲೆ ಸರ್,” ಎಂದ ಸಂದೀಪ. “ಬೇರೆಯವ್ರನ್ನ ಕಾಣಿ.” ಎಷ್ಟು ಸಲೀಸಾಗಿ ಬಂತು! ಅದು ಯಾರ ದನಿಯೆಂದು ಅವನೇ ಒಂದು ಕ್ಷಣ ಹುಡುಕಿದ. ಹೋಮ್‌ವರ್ಕ್ ಬಿಟ್ಟು ಓಡಿಬಂದ ಮಗಳು ಅನ್ವಿತಾ, “ಬಾಬಾ, ಏ ಕಾರ್ ಗೊಲಾ?” ಎಂದು ಕೇಳಿದಳು, ಇದು ಯಾರ ದನಿ ಎಂದು. ಎಲ್ಲರ ಅಣಕವನ್ನೂ ಗುರುತು ಹಿಡಿಯುವ ಹುಡುಗಿ ಇದೊಂದನ್ನು ಹಿಡಿಯಲಿಲ್ಲ.

ಆಗಲೇ ಫೋನು ಬಂತು. ಕಲ್ಲಪ್ಪ ಸರ್. ಎರಡೂ ಕುರ್ಚಿಯಲ್ಲಿ ಒಂದೇ ಭಾರ. ಜಯಂತಿ ಕಣ್ಣಿನಲ್ಲೇ ‘ಹೇಳಿ’ ಎಂದಳು.

“ಏನೋ ಸಂದೀಪ, ದುರ್ಗವ್ವನ್ನ ಓಡಿಸಿ ಗಣಪ್ಪನ್ನ ಕೂಡ್ಸಿಯಂತ? ನಿರುಪಮ ಬಾಬು ನನಗೂ ಫೋನ್ ಹಚ್ಚಿದ್ರು. ನಮ್ಮ ಬ್ಯಾಂಕಿನ ದೊಡ್ಡ ಗಿರಾಕಿ ಅದಾರಪಾ ಅವ್ರು, ಹಂಗ ಮಾಡಬಾರ್ದು.”

“ಸರಿ ಮಾಡಿದೆ ಸರ್.”

“ಮಾಡಿಯೇನು? ಭೇಷ್. ಅಲ್ಲೋ, ಹೆಸರ ತಪ್ಪಿ ಬಂದವ್ರು ಆ ಗಣಪ್ಪನ್ನ ನೋಡಿ ಏನ್ ಮಾಡ್ತಾರ? ಆ ಜಾಗಾದಾಗ ನಮ್ಮ ಸಂಘ ಇಡು. ದಿಕ್ಕ ತಪ್ಪಿದವ್ರೆಲ್ಲಾ ಕನ್ನಡಕ್ಕ ಬರ್ಲಿ.” ತಮ್ಮ ಮಾತಿಗೆ ತಾವೇ ನಕ್ಕರು.

“ಸರ್, ನನ್ನ ವರ್ಗದ ಅರ್ಜಿ...”

“ಐತಲ್ಲ, ನನ್ನ ಟೇಬಲ್ ಮ್ಯಾಲ ಐತಿ. ಅದೆಲ್ಲಿ ಓಡಿಹೋಗ್ತೈತಿ? ರಾಜ್ಯೋತ್ಸವ ಆಗ್ಲಿ, ಆಮ್ಯಾಲ ನೋಡೂಣು. ನೀ ಹ್ವಾದ್ರ ನಮ್ಮ ಸೈಟ್ ಯಾರ ನೋಡ್ಬೇಕೋ? ನಿನ್ನಂಥಾ ಹುಡುಗ ನಮಗ ಸಿಗೂದಿಲ್ಲ.”

ಹುಡುಗನಿಗೆ ನಲವತ್ತು ಸಮೀಪಿಸುತ್ತಿತ್ತು. ಅವನು ಬಾಯಿ ತೆರೆದ. ಈಗಷ್ಟೇ ಆಡಿದ ಮಾತು ನಾಲಿಗೆಯ ಮೇಲೇ ಇತ್ತು. ಎದುರಿಗೆ ಜಯಂತಿ ಅದನ್ನು ತುಟಿಯಲ್ಲಿ ಸದ್ದಿಲ್ಲದೆ ಆಡಿ ತೋರಿಸುತ್ತಲೂ ಇದ್ದಳು. ಆದರೆ ಗಂಟಲು ಆಗಲೇ ಧಾರವಾಡದ ಕಡೆ ಹೊರಟುಬಿಟ್ಟಿತ್ತು.

“ಖರೇ ಐತ್ರಿ ಸರ್. ಈಗ ಮಾಡ್ತೀನ್ರಿ.”

“ಶಭಾಶ್! ನಮ್ಮ ಕಡೆ ಹುಟ್ಟಬೇಕಿತ್ತಪಾ ನೀ!”

ಫೋನು ಕೆಳಗಿಟ್ಟಾಗ ಜಯಂತಿ ಅಲ್ಲಿರಲಿಲ್ಲ. ಮಂಚದ ಮೇಲಿನ ಸೀರೆಯೂ ಇರಲಿಲ್ಲ. ಅವಳು ಜಗಳವಾಡಿದ್ದರೆ ಅವಳದೇ ರಾಗದಲ್ಲಿ ಏನಾದರೂ ಸಮಾಧಾನ ಹೇಳಬಹುದಿತ್ತು. ಓಣಿಯಲ್ಲಿ ಪೆಂಡಾಲಿನವರು ಬಿದಿರು ಇಳಿಸುತ್ತಿದ್ದರು. ಕಿಟಕಿಯ ಮುಂದೆಯೇ ಒಂದೊಂದಾಗಿ ಗಳ ನೆಟ್ಟು, ಅಡ್ಡ ಕಟ್ಟುತ್ತಿದ್ದರು. ಪ್ರತಿ ವರ್ಷವೂ ಪೂಜೆ ಮುಗಿಯುವವರೆಗೆ ಈ ಕೋಣೆಗೆ ಬೆಳಕು ಪಟ್ಟೆಪಟ್ಟೆಯಾಗಿಯೇ ಬರುವುದು.

ಸಂದೀಪ ಲ್ಯಾಪ್‌ಟಾಪಿನ ಮುಂದೆ ಕೂತ. ಬಹಳ ಕೆಲಸವೇನಲ್ಲ. ಗಣಪತಿಯನ್ನು ಮೊದಲ ಜಾಗದಿಂದ ತೆಗೆದ, ಸಂಘವನ್ನು ಅಲ್ಲಿಟ್ಟ. ಬರೆದದ್ದೆಲ್ಲ ಸರಿಯಿದೆಯೇ ಎಂದು ಯಂತ್ರವನ್ನು ಕೇಳಿದ. ಸರಿಯಿದೆ ಎಂದಿತು.

ಒಳಗಿನ ಕೋಣೆಯಲ್ಲಿ ಸೂಟ್‌ಕೇಸಿನ ಜಿಪ್ಪು ಎಳೆಯುವ ಸದ್ದು. ಅಪ್ಪನ ಶರ್ಟು ಎಲ್ಲಿಡಲಿ ಎಂದು ಕೇಳುವ ಅನ್ವಿತಾಳ ದನಿ: “ಮಮ್ಮಿ, ಬಾಬಾ ಕಾ ಶರ್ಟ್ ಕಹಾಂ ರಖೂಂ?”

“ಅದ್ ಅಲ್ಲೇ ಇರ್ಲಿ,” ಎಂದಳು ಜಯಂತಿ.

ಬದಲಾವಣೆ ಜಾರಿಗೆ ಬಂತೋ ಇಲ್ಲವೋ ಎಂದು ಪರೀಕ್ಷಿಸಲು ಸರ್ವರಿಗೆ ಗೊತ್ತಿಲ್ಲದ ಯಾವುದಾದರೂ ಹೆಸರು ಬೇಕಿತ್ತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ, ಒಮ್ಮೆಯೂ ಒಳಗೆ ಬರೆಯದ ಹೆಸರೊಂದಿತ್ತು. ಸಂದೀಪ ಅದನ್ನು ಒಂದೊಂದೇ ಅಕ್ಷರವಾಗಿ ಒತ್ತಿದ.

ಪುಟ ತೆರೆದುಕೊಂಡಿತು. ಮೈಸೂರು ಪೇಟ ತೊಟ್ಟ ಕಲ್ಲಪ್ಪ ಸರ್ ಅದರ ತುಂಬ ಕೈಮುಗಿದು ನಿಂತು, ಒಳಗೆ ಬನ್ನಿ ಎಂಬಂತೆ ನಗುತ್ತಿದ್ದರು. ಮೇಲೆ, ವಿಳಾಸದ ಜಾಗದಲ್ಲಿ, ಅವನ ಹೆಸರು ಹಾಗೇ ಇತ್ತು.