ಬೆಳ್ಳಿ ಬಿಲ್ಲೆಯ ಅಕ್ಕ

ಸಿದ್ದಲಿಂಗಸ್ವಾಮಿಯ ಮೊದಲ ಹೆಂಡತಿ ತೀರಿಕೊಂಡ ಎರಡು ವರ್ಷಕ್ಕೆ ಶಾಂತಾದೇವಿ ಎರಡನೆಯವಳಾಗಿ ಸಿದ್ಧಾರ್ಥನಗರದ ಆ ಮನೆಗೆ ಬಂದಳು. ಮೂರು ತಿಂಗಳಾದರೂ ಸವತಿಯ ಮಗಳು, ಏಳು ವರ್ಷದ ನಿಶ್ಚಿತಾ ಅವಳನ್ನು ಏನಂತಲೂ ಕರೆದಿರಲಿಲ್ಲ. ಕೈತುತ್ತು ಹಾಗಿರಲಿ, ಅವಳು ಬಡಿಸಿದ ತಟ್ಟೆಯನ್ನೂ ಸರಿಯಾಗಿ ಮುಟ್ಟದೆ ಮಗು ಸೊರಗಿ ಕಡ್ಡಿಯಾಗಿತ್ತು. ಡಾಕ್ಟರು ಬರೆದ ಟಾನಿಕ್ಕೂ ಮುಗಿಯಿತು. ಮಲತಾಯಿ ಊಟ ಹಾಕ್ತಾಳೋ ಇಲ್ವೋ ಅಂತ ಬೀದಿಯೆಲ್ಲ ಆಡಿಕೊಂಡಿತು. ಊರ ಬಾಯಿಗೆ ಬೀಗ ಉಂಟೇ!

“ಗಾಳಿ ಸೋಕೈತೆ ಕಣಮ್ಮ. ಬಿಲ್ಲೆ ಕಟ್ಕೊಳ್ದೆ ಬಂದ್ಬುಟ್ಟೆಯಲ್ಲ ನೀನು,” ಅಂದರು ಅತ್ತೆ ಸೋಮಮ್ಮ.

ದೆವ್ವ ಅಂತ ಬಾಯಿಬಿಟ್ಟು ಹೇಳಿದರೆ ಬಾಗಿಲಿಗೇ ಬರುತ್ತದೆಂದು ಅತ್ತೆಗೆ ಭಯ, ಅದಕ್ಕೇ ಗಾಳಿ ಅನ್ನುವರು. ಸತ್ತ ಸವತಿಯ ಹೆಸರಲ್ಲಿ ಬೆಳ್ಳಿ ಬಿಲ್ಲೆ ಮಾಡಿಸಿ ಎರಡನೆಯವಳು ತಾಳಿಯ ಜೊತೆ ಕಟ್ಟಿಕೊಂಡರೆ ಸತ್ತವಳು ಗಾಳಿಯಾಗಿ ಕಾಡುವುದಿಲ್ಲ ಅನ್ನುವುದು ಹಳೇ ಪದ್ಧತಿ. “ತೊಂಬತ್ತಾರನೇ ಇಸವೀಲಿ ಇದೆಂಥ ಗೊಡ್ಡು ನಂಬಿಕೆ!” ಅಂತ ಸಿದ್ದಲಿಂಗಸ್ವಾಮಿ ಮದುವೆಯಲ್ಲಿ ಅದನ್ನು ಬಿಟ್ಟಿದ್ದ.

ಅಮಾವಾಸ್ಯೆ ಬೆಳಿಗ್ಗೆ ಅತ್ತೆ ಬೇವಿನ ಸೊಪ್ಪು, ಪೊರಕೆ ಹಿಡಿದು ಮೊಮ್ಮಗಳನ್ನು ನಡುಮನೆಯಲ್ಲಿ ಕೂರಿಸಿದರು.

“ಮಗೂನ ಬುಟ್ಟು ತೊಲಗು!”

“ಯಾರಜ್ಜಿ ಬಂದಿರೋದು?”

“ನಿಮ್ಮಮ್ಮ ಕಣೇ. ಗಾಳಿಯಾಗಿ ಬಂದವ್ಳೆ.”

ನಿಶ್ಚಿತಾ ಎರಡೂ ಕೈಯಲ್ಲಿ ಪೊರಕೆ ಹಿಡಿದುಕೊಂಡಳು. “ನಮ್ಮಮ್ಮನ್ನ ಹೊಡೀಬೇಡ ಅಜ್ಜಿ! ಓಡಿಸ್ಬೇಡ!”

ಅಯ್ಯೋ ಶಿವನೇ! ಮೂರು ತಿಂಗಳಿಂದ ಶಾಂತಾದೇವಿಯೂ ಆ ಸತ್ತವಳಿಗೆ ಒಳಗೊಳಗೇ ಹೆದರಿದ್ದಳು. ಈಗ ನಾಚಿಕೆಯಾಯಿತು. ಹೆತ್ತವಳು ಮಗಳನ್ನು ನೋಡಲು ಬಂದರೆ ಪೊರಕೆ ಸೇವೆಯೇ? ಪೊರಕೆ ಕಿತ್ತುಕೊಂಡು ಮೂಲೆಗೆ ಎಸೆದಳು.

“ಬಿಡಿ ಅತ್ತೆ. ಅಕ್ಕ ಎಲ್ಲಿಗೂ ಹೋಗೋದು ಬೇಡ.”

ಮಗುವನ್ನು ಆಟೋದಲ್ಲಿ ಕೂರಿಸಿಕೊಂಡು ಮಂಡಿ ಮೊಹಲ್ಲಾದ ಅಕ್ಕಸಾಲಿಗನ ಬಳಿ ಹೋಗಿ, ಎದುರೇ ಕೂತು ಉಗುರಗಲದ ಬಿಲ್ಲೆ ಮಾಡಿಸಿದಳು. ತಾಳಿಯ ದಾರಕ್ಕೆ ಅದನ್ನು ಕಟ್ಟಿಕೊಂಡು, “ನೋಡು, ನಿಮ್ಮಮ್ಮ ಇನ್ಮೇಲೆ ಇಲ್ಲೇ ಇರ್ತಾರೆ,” ಅಂದಳು.

ಮನೆಗೆ ಬಂದು ಮೊಸರನ್ನ ಕಲಸಿ ತುತ್ತು ಹಿಡಿದಳು. ನಿಶ್ಚಿತಾ ಹತ್ತಿರ ಸರಿದು, ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಯಿ ತೆರೆದಳು. ಒಂದು ತುತ್ತು, ಎರಡು, ನಾಲ್ಕು. ಬಾಗಿಲಲ್ಲಿ ನಿಂತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಐದನೇ ತುತ್ತಿಗೆ ಮಗು ದಾರವನ್ನು ಎಳೆದು ನೋಡಿತು.

“ಗಂಟು ಸಡಿಲ ಇದೆ. ಗಟ್ಟಿಯಾಗಿ ಕಟ್ಕೋ ಚಿಕ್ಕಮ್ಮ, ಅಮ್ಮ ಬಿದ್ಹೋಗ್ತಾಳೆ.”