ಅಪ್ಪನ ತುಟಿಯ ಬಣ್ಣ

ಕಿಟಕಿಯ ಗಾಜಿನ ಮೇಲೆ ಅಪ್ಪನ ಉಸಿರು ಮಂಜುಗಟ್ಟುತ್ತದೆ, ಕರಗುತ್ತದೆ, ಮತ್ತೆ ಮಂಜುಗಟ್ಟುತ್ತದೆ — ಬಸ್ಸು ಇನ್ನೊಂದು ತಿರುವು ಇಳಿಯಿತು, ಕಿವಿ ಟಪ್ಪೆಂದಿತು, ಇಪ್ಪತ್ತು ವರ್ಷ ಚಿನ್ನದ ಗಣಿಯೊಳಗೆ ಬಗ್ಗಿ ನಡೆದ ಗುಮೆರ್ಸಿಂದೋನನ್ನು ಮಗಳು ನಾನು ಸಮುದ್ರದಂಡೆಗೆ ಸಾಗಿಸುತ್ತಿದ್ದೇನೆ, ಸಂತೆಗೆ ಕುರಿ ಸಾಗಿಸಿದ ಹಾಗೆ, ಅದು ಅವನದೇ ಮಾತು, ಒಂದು ವಾರ ಇರ್ತೀನಿ ಕಣೇ, ನಿನ್ನ ಡಾಕ್ಟರಮ್ಮನ ಬಾಯಿ ಮುಚ್ಚಿಸೋಕೆ, ಆಮೇಲೆ ಬೆಟ್ಟ ಹತ್ತಿ ಗಣಿಗೆ ಹೋಗ್ತಾನೇ ಇರ್ತೀನಿ, ತಡೆದು ನೋಡು ಬೇಕಾದ್ರೆ. ಹತ್ತಿದರೆ ಮುಂದಿನ ಚಳಿಗಾಲ ಕಾಣುವುದಿಲ್ಲ, ಹೂಲಿಯಾಕಾ ಪಟ್ಟಣದ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು, ಗಾಳಿ ಸಾಲದೆ ರಕ್ತ ಹೆಚ್ಚಾಗಿ ಹೆಚ್ಚಾಗಿ ಗಟ್ಟಿಯಾಗಿದೆ, ತಲೆವರೆಗೆ ಏರೋಕೇ ತಿಣುಕ್ತಿದೆ. ಗಟ್ಟಿ ಇದ್ರೆ ಒಳ್ಳೇದಲ್ವಾ ತಾಯಿ, ನೀರು ಸಾರು ಯಾರಿಗೆ ಬೇಕು, ಎಂದು ನಕ್ಕಿದ್ದ ಅಪ್ಪ, ನನಗೆ ನಗು ಬರಲಿಲ್ಲ.

ಒಳ್ಳೆಯದೇ ಎಂದು ನಾವೆಲ್ಲ ನಂಬಿದ್ದೆವು — ಅವನ ತುಟಿ ಮೊದಲ ಸಲ ನೇರಳೆಗೆ ತಿರುಗಿದಾಗ ಗಣಿಯವರು ಬಿಯರ್ ತಂದು, ಭೂತಾಯಿಗೆಂದು ನೆಲಕ್ಕೊಂದಿಷ್ಟು ಸುರಿದು, ಉಳಿದದ್ದು ಕುಡಿದರು, ಬೆಟ್ಟ ನಿಂಗೆ ಮುತ್ತು ಕೊಟ್ಟಿದೆ ಕಣೋ, ಇನ್ಮೇಲೆ ನೀನು ಬೆಟ್ಟದ ಅಳಿಯ, ಎಂದ ಇಲಾರಿಯೋ ಮಾವ, ಅಮ್ಮ ಒಣಗಿಸಿಟ್ಟ ಆಲೂಗಡ್ಡೆ ಬೇಯಿಸಿ ಓಣಿಗೆಲ್ಲ ಹಂಚಿದಳು, ನಾನು ನೇರಳೆ ಜೋಳದ ಪಾನಕ ತುಟಿಗೆ ಬಳಿದುಕೊಂಡು ಅಪ್ಪನ ಮಗಳು ಅಪ್ಪನ ಮಗಳು ಎಂದು ಕುಣಿದೆ, ಅವನ ಮೈ ಉಸಿರಿಗಾಗಿ ಒದ್ದಾಡುತ್ತಿತ್ತು, ನಾವು ಹಬ್ಬ ಮಾಡಿದೆವು. ನಂಗೂ ಬರುತ್ತಾ, ಅಪ್ಪಂಗೆ ಬಂದಿದ್ದು, ಎಂದು ಕೇಳಿದಾಗ ಡಾಕ್ಟರಮ್ಮ ನನ್ನ ಶಾಲಿನ ಅಂಚು ಹಿಡಿದಳು, ಈ ಮೈಯೂ ಬಟ್ಟೆ ಥರಾನೇ, ನೂಲು ಹಿರಿಯರು ಕೊಟ್ಟಿದ್ದು ಕಣಮ್ಮಾ, ಸಾವಿರಾರು ವರ್ಷ ಆ ತೆಳು ಗಾಳೀಲಿ ಬಾಳಿದೋರು, ಗಾಳಿ ಹಿಡಿಯೋ ವಿದ್ಯೆ ಎಳೆ ಎಳೇಲೂ ಇಟ್ಟು ಹೋಗಿದಾರೆ, ನೇಯೋದು ಮಾತ್ರ ನೀವು, ನಿಮ್ಮಪ್ಪ ನೇಯ್ದಿದ್ದು ಹೊಗೆ, ಗಣಿ ಧೂಳು, ಕಿಟಕಿ ಇಲ್ಲದ ತಗಡಿನ ಗೂಡಲ್ಲಿ ನಿದ್ದೆ, ಚಿನ್ನ ಸಿಗುತ್ತೆ ಅಂತ ಇನ್ನೂ ಮೇಲೆ, ಇನ್ನೂ ಮೇಲೆ. ನೂಲಿನಂತೆ ಸೀರೆ ಅನ್ನುವುದು ಅರ್ಧ ಮಾತು ಹಾಗಾದರೆ — ಮೈ ಜುಮ್ಮೆಂದಿತ್ತು, ಈಗಲೂ ಜುಮ್ಮೆನ್ನುತ್ತಿದೆ, ಎಷ್ಟು ಜನ ಇದ್ದಾರೆ ನನ್ನೊಳಗೆ, ಹೆಸರೂ ಗೊತ್ತಿಲ್ಲದ ಮುತ್ತಜ್ಜಿಯರು, ಹಿಮದಲ್ಲಿ ಬರಿಗಾಲಲ್ಲಿ ಅಲ್ಪಾಕಾ ಮೇಯಿಸಿದವರು, ನಾನು ಉಸಿರೆಳೆದಾಗಲೆಲ್ಲ ಅವರೂ ಎಳೆಯುತ್ತಾರೆ, ಕೂಲಿ ಕೇಳದೆ, ನನಗೊಂದು ಮಾತೂ ತಿಳಿಸದೆ, ಇಷ್ಟು ದೊಡ್ಡದನ್ನು ಹೊತ್ತುಕೊಂಡು ನಾನು ಬರೀ ಬಸ್ಸಿನಲ್ಲಿ ಕೂತಿದ್ದೇನೆ.

ಮರ, ಅಗೋ ಮರ, ಬೋಳು ಬೆಟ್ಟ ಮುಗಿದು ಕಣಿವೆಯಲ್ಲಿ ಹಸಿರು, ಮೊಕೆಗ್ವಾ ಬಂತು, ಬಿಸಿಲು ಬಂತು, ಅಪ್ಪ ಕಂಬಳಿ ಕಳಚಿ ನಿದ್ದೆ ಹೋಗಿದ್ದಾನೆ, ಉಸಿರು ಎಲ್ಲೂ ನಿಲ್ಲುತ್ತಿಲ್ಲ, ಮೇಲೆ ಗಣಿಯೂರಲ್ಲಿ ರಾತ್ರಿಯೆಲ್ಲ ನಿಂತು ನಿಂತು ಹೋಗುತ್ತಿತ್ತು, ಅಮ್ಮ ಮೊಣಕೈಯಲ್ಲಿ ತಿವಿಯುತ್ತಿದ್ದಳು, ಈಗ ಮಗುವಿನ ಹಾಗೆ — ತುಟಿ ನೋಡಲು ಭಯ, ನೋಡದೆ ಇರಲಾಗದು, ಬಸ್ಸು ನಿಂತಿತು, ಹತ್ತು ನಿಮಿಷ ಹತ್ತು ನಿಮಿಷ ಎಂದ ಕಂಡಕ್ಟರ್, ಅಪ್ಪ ಕಣ್ಣುಜ್ಜಿಕೊಂಡು ಇಳಿದ, ನಲ್ಲಿಯಲ್ಲಿ ಮುಖ ತೊಳೆದ, ಬಸ್ಸಿನ ಪಕ್ಕದ ಕನ್ನಡಿಯೆದುರು ಟೋಪಿ ಸರಿಮಾಡಿಕೊಳ್ಳಲು ನಿಂತವನು ನಿಂತೇಬಿಟ್ಟ. ಏನಪ್ಪಾ, ತಲೆ ಸುತ್ತುತ್ತಾ. ಇಲ್ಲ. ಬಾರೇ ಇಲ್ಲಿ. ಕೈ ಬಾಯಿಯ ಹತ್ತಿರ ಹೋಗಿ ಮುಟ್ಟದೆ ನಿಂತಿದೆ, ನೇರಳೆ ಇಲ್ಲ, ಕೆಂಪು, ಒದ್ದೆ ಕೆಂಪು, ನಮ್ಮವ್ವ ಕಣೇ, ಇದು ನಮ್ಮವ್ವನ ತುಟಿ. ಅಜ್ಜಿ — ಅದೇ ಎತ್ತರದಲ್ಲಿ ಹುಟ್ಟಿ, ಗಣಿಯ ಕಡೆ ತಲೆ ಹಾಕದೆ, ಎಪ್ಪತ್ತು ದಾಟಿದ ಮೇಲೂ ಮಂದೆಯ ಹಿಂದೆ ಓಡಿದವಳು, ನಾನು ಹುಟ್ಟುವ ಮೊದಲೇ ಹೋದವಳು, ಒಂದು ಫೋಟೋ ಇಲ್ಲ, ಮುಖಾನೇ ಮರೆತುಹೋಗಿದೆ ಎನ್ನುತ್ತಿದ್ದ ಅಪ್ಪ, ಇಷ್ಟು ವರ್ಷ ಅವಳನ್ನು ತನ್ನ ಮುಖದಲ್ಲೇ ಇಟ್ಟುಕೊಂಡಿದ್ದ, ಅವಳು ಹೋಗಿರಲಿಲ್ಲ, ಬೆಟ್ಟದ ಮುತ್ತಿನ ಕೆಳಗೆ ಕಾದಿದ್ದಳು, ಓ ದೇವರೇ. ಹತ್ತಿ ತಾತ, ಹತ್ತಿ, ಕಂಡಕ್ಟರ್ ಬಾಗಿಲು ಬಡಿಯುತ್ತಾನೆ, ಅಪ್ಪ ಅಲುಗುವುದಿಲ್ಲ, ಕಣ್ಣಲ್ಲಿ ನೀರು, ಇನ್ನೂ ಕೆಳಗೆ ಹೋದ್ರೆ, ಎನ್ನುತ್ತಾನೆ, ಕನ್ನಡಿಗೋ ನನಗೋ, ಅಲ್ಲೇ ಇದ್ರೆ, ಇವಳು ಹೀಗೇ ಇರ್ತಾಳೇನೇ. ಇರ್ತಾಳಪ್ಪ. ಹಂಗಾದ್ರೆ ನಡಿ — ಎನ್ನುತ್ತದೆ ಕನ್ನಡಿಯೊಳಗಿನ ತುಟಿ, ಕೆಂಪು, ಒದ್ದೆ, ನಾನು ಎಂದೂ ನೋಡಿರದ ಅಜ್ಜಿಯ ತುಟಿ, ಅಲ್ಲಾಡುತ್ತಿದೆ, ಆ ತುಟಿ, ಆ ತುಟಿ