ವಿಮಾನ ನಿವೃತ್ತಿಯಾಗುವ ತನಕ

ಕಾಗವಾಡದ ಅಣ್ಣಾಸಾಬ ದ್ರಾಕ್ಷಿ ಬೆಳೆಗಾರ. ಮಾತಿನಲ್ಲಿ ನಯ, ವ್ಯವಹಾರದಲ್ಲಿ ಬಿಗಿ. ಮಗಳು ರೂಪಾಲಿಯನ್ನು ನೋಡಲು ಏಕಸಂಬಿಯಿಂದ ಬಂದ ಪಾವಣ್ಯಾರಿಗೆ, ಅಂದರೆ ಗಂಡಿನ ಕಡೆಯ ನೆಂಟರಿಗೆ, ಅವಲಕ್ಕಿ, ಚಹಾ ಕೊಡಿಸಿ, ಹೊಲ ಎಷ್ಟು, ನೀರು ಹೇಗೆ ಎಂಬುದನ್ನೆಲ್ಲ ವಿಚಾರಿಸಿ ಮುಗಿಸಿದ ಮೇಲೆ ಅವನು ವರನ ಕಡೆ ತಿರುಗಿದ.

"ನೀವು ಹಾರಸೋ ವಿಮಾನ ಯಾವ ಮಾಡೆಲ್ಲಿಂದ್ರಿ?"

ವರ ಸುರಜ ಯುದ್ಧವಿಮಾನದ ಪೈಲಟ್. ಏಕಸಂಬಿಯ ಕಬ್ಬಿನ ರೈತ ಬಾಳಾಸಾಬ ಮತ್ತು ತಾರವ್ವನ ಒಬ್ಬನೇ ಮಗ. ಆಕಾಶದಲ್ಲಿ ಏನು ಬೇಕಾದರೂ ಮಾಡಬಲ್ಲ ಆ ಹುಡುಗನಿಗೆ ನೆಲದ ಮೇಲೆ ಸುಳ್ಳು ಹೇಳುವುದು ಮಾತ್ರ ಬರುತ್ತಿರಲಿಲ್ಲ.

"ನಮ್ಮ ಅಪ್ಪ-ಅವ್ವನ ಮದುವಿಕಿಂತ ಮೊದಲಿಂದ್ರಿ" ಎಂದ.

ತಾರವ್ವ ಗಂಡನ ಮುಖ ನೋಡಿದಳು. ಇಷ್ಟು ದಿನ ಆಕೆ ಮಗನ ವಿಮಾನ ಹೊಚ್ಚ ಹೊಸದೆಂದೇ ತಿಳಿದಿದ್ದಳು. ಅದಕ್ಕೆ ಕಾರಣ ಏಕಸಂಬಿಯ ಬಸ್ ಸ್ಟ್ಯಾಂಡ್ ಎದುರು ಬಾಳಾಸಾಬ ಹಾಕಿಸಿದ್ದ ಫ್ಲೆಕ್ಸ್. ಅದರಲ್ಲಿ ಸುರಜನ ಹಿಂದೆ ಬೆಳ್ಳಿಯಂತೆ ಹೊಳೆಯುವ ಒಂದು ವಿಮಾನವಿತ್ತು. ರಜೆಗೆ ಬಂದ ಸುರಜ ಅದನ್ನು ನೋಡಿ, ಇದು ನಮ್ಮ ದೇಶದ್ದೇ ಅಲ್ಲ ಎಂದು ಅಪ್ಪನಿಗೆ ಹೇಳಿದ್ದ. ಚಿಕ್ಕೋಡಿಯ ಪ್ರಿಂಟಿಂಗ್ ಅಂಗಡಿಯವನು ಅಸಲಿ ವಿಮಾನದ ಫೋಟೊ ಹಾಕಿ ನೋಡಿದಾಗ ಅದು ಫ್ಲೆಕ್ಸಿಗೆ ಒಪ್ಪುವಂತೆ ಕಾಣಲಿಲ್ಲವಂತೆ. ಚಂದ ಕಾಣುತ್ತದೆ, ಇರಲಿ ಬಿಡು ಎಂದು ಬಾಳಾಸಾಬ ಮಗನ ಬಾಯಿ ಮುಚ್ಚಿಸಿದ್ದ.

ಈಗಲೂ ಬಾಳಾಸಾಬನೇ ಮುಂದೆ ಬಂದ. ವಿಮಾನ ಹಳೆಯದಾದರೂ ಒಳಗಿನ ಸಾಮಾನೆಲ್ಲ ಬದಲಾಗಿದೆ, ದೇಶದ ಸೇವೆಯಲ್ಲಿ ಹಳತು ಹೊಸತು ಎಣಿಸಬಾರದು ಎಂದು ಭಾಷಣದ ಧಾಟಿಯಲ್ಲಿ ಹೇಳಿದ. ಅಣ್ಣಾಸಾಬ ತಾಳ್ಮೆಯಿಂದ ಕೇಳಿದ.

"ನಾ ಹದಿನೈದ ವರ್ಷಕ್ಕ ದ್ರಾಕ್ಷಿ ಬಳ್ಳಿ ಕಿತ್ತ ಒಗೀತೀನ್ರಿ ಪಾವಣ್ಯಾರ. ಬಳ್ಳಿ ನೆಲದಾಗ ಇರತೈತಿ. ಅದು ಬಿದ್ರ ಯಾರೂ ಸಾಯಂಗಿಲ್ಲ. ಆದ್ರೂ ಕೀಳತೀನಿ" ಎಂದ.

ಅಷ್ಟರಲ್ಲಿ ರೂಪಾಲಿ ಬಾಯಿ ತೆರೆದಳು. ಆಕೆ ರಾಯಬಾಗದ ಸರಕಾರಿ ಪಶು ಆಸ್ಪತ್ರೆಯಲ್ಲಿ ಡಾಕ್ಟರ್. ಎಮ್ಮೆಗಳ ಮಾಲೀಕರೊಂದಿಗೆ ದಿನವೂ ಜಗಳವಾಡಿ ಆಕೆಗೆ ನೇರವಾಗಿ ಕೇಳುವುದು ರೂಢಿಯಾಗಿತ್ತು. ವಿಮಾನ ಕೈಕೊಟ್ಟರೆ ಹೊರಗೆ ಹೇಗೆ ಬರುತ್ತೀರಿ ಎಂದು ಸುರಜನನ್ನು ಕೇಳಿದಳು. ಕುರ್ಚಿಯ ಕೆಳಗೆ ರಾಕೆಟ್ ಇರುತ್ತದೆ, ಹಿಡಿಕೆ ಜಗ್ಗಿದರೆ ಕುರ್ಚಿ ಸಮೇತ ಮೇಲಕ್ಕೆ ಎಸೆಯುತ್ತದೆ ಎಂದು ಅವನು ವಿವರಿಸಿದ.

"ಕುರ್ಚಿ ಆದ್ರೂ ಹೊಸಾದೇನ್ರಿ?" ಎಂದಳು ರೂಪಾಲಿ.

ಸುರಜ ನಕ್ಕುಬಿಟ್ಟ. ಹೆಣ್ಣು ನೋಡಲು ಬಂದವನು ಹಾಗೆ ನಗಬಾರದೆಂದು ಬಾಳಾಸಾಬ ಕೆಮ್ಮಿದರೂ ನಗು ನಿಲ್ಲಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಒಪ್ಪಿಗೆಯಾದದ್ದು ಅಲ್ಲಿಯೇ.

ಆದರೆ ಅಣ್ಣಾಸಾಬ ಒಂದು ಷರತ್ತು ಹಾಕಿದ. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ವಿಮಾನ ಮಾತ್ರ ಸರಿಯಿಲ್ಲ. ಅದು ನಿವೃತ್ತಿಯಾಗಲಿ, ಮರುದಿನವೇ ಅಕ್ಷತೆ. ಬಾಳಾಸಾಬ ಒಪ್ಪಿದ. ಒಪ್ಪಲು ಕಾರಣವಿತ್ತು. ಆ ಜಾತಿಯ ವಿಮಾನಗಳನ್ನೆಲ್ಲ ಬರುವ ಚಳಿಗಾಲಕ್ಕೆ ನಿಲ್ಲಿಸುತ್ತಾರೆ ಎಂದು ಪತ್ರಿಕೆಗಳಲ್ಲೇ ಬಂದಿತ್ತು. ಮದುವೆಗೆಂದು ಚಿಕ್ಕೋಡಿಯ ಮಂಗಲ ಕಾರ್ಯಾಲಯವನ್ನು ಮಾಘ ಮಾಸಕ್ಕೆ ಹಿಡಿದರು. ಮದುವೆಯ ಜವಳಿಯ ಬಸ್ತಾ ಕಟ್ಟಲು ನಿಪ್ಪಾಣಿಗೆ ಹೋಗಿ ಸೀರೆಗಳನ್ನೂ ತಂದರು.

ಚಳಿಗಾಲ ಬಂತು. ವಿಮಾನಗಳು ಹೋಗಲಿಲ್ಲ. ಅವುಗಳ ಜಾಗಕ್ಕೆ ಬರಬೇಕಾಗಿದ್ದ ಹೊಸ ವಿಮಾನಗಳಿಗೆ ಎಂಜಿನ್ ಬಂದಿರಲಿಲ್ಲ. ಎಂಜಿನ್ ಬಂದವಕ್ಕೆ ಇನ್ನೇನೋ ಬಂದಿರಲಿಲ್ಲ. ಹೀಗಾಗಿ ದಿಲ್ಲಿಯಲ್ಲಿ ಒಂದು ಸಮಿತಿ ಕೂಡಿ ಹಳೆಯವುಗಳ ಆಯುಷ್ಯವನ್ನು ಒಂದು ವರ್ಷ ಹೆಚ್ಚಿಸಿತು. ಸಮಿತಿಯವರು ಏನು ಮಾಡುತ್ತಾರೆ ಎಂದು ರೂಪಾಲಿ ಫೋನಿನಲ್ಲಿ ಕೇಳಿದಳು. ಬರುತ್ತಾರೆ, ರೆಕ್ಕೆ ತಟ್ಟಿ ನೋಡುತ್ತಾರೆ, ಚಹಾ ಕುಡಿಯುತ್ತಾರೆ, ಇನ್ನೂ ಗಟ್ಟಿ ಇದೆ ಎನ್ನುತ್ತಾರೆ ಎಂದ ಸುರಜ. ತಾನಾದರೂ ಎಮ್ಮೆಯ ಹಲ್ಲು ನೋಡುತ್ತೇನಲ್ಲ ಎಂದಳು ಆಕೆ. ಸಮಿತಿಯಲ್ಲಿ ಯಾರಿಗೂ ಹಾರಿಸುವ ಕೆಲಸವಿರಲಿಲ್ಲ. ಆದ್ದರಿಂದ ಅವರ ವಿಶ್ವಾಸಕ್ಕೆ ಯಾವತ್ತೂ ಧಕ್ಕೆಯಾಗುತ್ತಿರಲಿಲ್ಲ.

ಮಂಗಲ ಕಾರ್ಯಾಲಯದವರಿಗೆ ಬೇರೆ ತಾರೀಖು ಹೇಳಿದ್ದಾಯಿತು. ಅದರ ಮುಂದಿನ ವರ್ಷ ವಿಮಾನಗಳ ಬೀಳ್ಕೊಡುಗೆಯ ಸಮಾರಂಭಕ್ಕೆ ತಾಲೀಮೂ ನಡೆಯಿತು. ಬ್ಯಾಂಡಿನವರು ಬಂದರು, ಪೆಂಡಾಲ್ ಏರಿತು. ಕೊನೆಗೆ ಸಮಾರಂಭ ಮುಂದೆ ಹೋಯಿತು, ಮದುವೆಯೂ ಮುಂದೆ ಹೋಯಿತು. ಪೆಂಡಾಲಿನ ನೆರಳಲ್ಲಿ ವಿಮಾನಗಳಿಗೆ ಹೊಸದಾಗಿ ಬಣ್ಣ ಬಳಿದು ಮತ್ತೆ ಹಾರಲು ಕಳಿಸಿದರು.

ಚಿಂತೆಗೆ ಬಿದ್ದ ಬಾಳಾಸಾಬ ಊರ ಪುಢಾರಿ ಲಗಮಣ್ಣನ ಹತ್ತಿರ ಹೋದ. ಲಗಮಣ್ಣ ದಿಲ್ಲಿಯಲ್ಲಿ ತನ್ನ ಮಾತು ನಡೆಯುತ್ತದೆಂದು ಹೇಳಿಕೊಳ್ಳುವವನು. ಅರ್ಧ ಕೇಳಿಸಿಕೊಂಡು, ಅರ್ಧ ಮೊಬೈಲ್ ನೋಡಿ, ಇದೇನು ದೊಡ್ಡ ಕೆಲಸ ಎಂದ. ಆ ವಿಮಾನವನ್ನು ಬೆಳಗಾವಿಗೆ ವರ್ಗ ಮಾಡಿಸಿಬಿಡುತ್ತೇನೆ, ಮಗ ಮನೆಯ ಹತ್ತಿರವೇ ಹಾರಿಸಿಕೊಂಡಿರುತ್ತಾನೆ ಎಂದು ಭರವಸೆ ಕೊಟ್ಟ. ಬಾಳಾಸಾಬ ಕೈಮುಗಿದು ಎದ್ದು ಬಂದ.

ಕಬ್ಬು ಕಡಿಯುವ ದಿನಗಳಲ್ಲಿ ಒಂದು ಮುಂಜಾನೆ ಟಿವಿಯಲ್ಲಿ ಸುದ್ದಿ ಬಂತು. ಉತ್ತರದ ಗಡಿಯ ಹತ್ತಿರ ಯುದ್ಧವಿಮಾನವೊಂದು ಬಿದ್ದಿದೆ, ಪೈಲಟ್ ಜೀವಂತ ಇದ್ದಾನೆ. ಹೆಸರು ಹೇಳಲಿಲ್ಲ. ತಾರವ್ವ ಒಲೆಯ ಮೇಲಿದ್ದ ಹಾಲನ್ನು ಹಾಗೇ ಬಿಟ್ಟು ಬಂದು ಟಿವಿಯ ಎದುರು ನಿಂತಳು. ಹಾಲು ಉಕ್ಕಿದ ವಾಸನೆ ಮನೆಯಲ್ಲಿ ಎಲ್ಲರಿಗೂ ಬಂದರೂ ಯಾರೂ ಏಳಲಿಲ್ಲ. ಆಮೇಲೆ ಫೋನ್ ಬಂತು. ಮಾತಾಡಿದವನು ಸುರಜನ ಜೊತೆಗಾರ ಶಿವರಾಜ, ಬೀದರ ಕಡೆಯ ಹುಡುಗ, ಅದೇ ವಿಮಾನಗಳನ್ನು ಹಾರಿಸುವವನು. ಬಿದ್ದದ್ದು ಸುರಜನ ವಿಮಾನವೇ. ಹಳ್ಳಿಯೊಂದನ್ನು ದಾಟಿಸಿ, ಸಾಸಿವೆ ಹೊಲಗಳ ಮೇಲೆ ಬಂದ ಮೇಲೆ ಅವನು ಹಿಡಿಕೆ ಜಗ್ಗಿದ್ದ. ಕುರ್ಚಿ ಕೆಲಸ ಮಾಡಿತ್ತು. ಬೆನ್ನಿಗೆ ಮಾತ್ರ ಪೆಟ್ಟಾಗಿತ್ತು.

ಬಾಳಾಸಾಬನೂ ರೂಪಾಲಿಯೂ ಮಿರಜದಲ್ಲಿ ರೈಲು ಹತ್ತಿದರು. ಅಣ್ಣಾಸಾಬ ತನ್ನ ಕಾರಿನಲ್ಲಿ ಸ್ಟೇಷನ್ನಿನವರೆಗೆ ಬಿಟ್ಟ. ನಾನು ಮೊದಲೇ ಹೇಳಿದ್ದೆ ಎಂದು ದಾರಿಯುದ್ದಕ್ಕೂ ಅವನು ಒಮ್ಮೆಯೂ ಅನ್ನಲಿಲ್ಲ. ಇದಕ್ಕಾಗಿ ಬಾಳಾಸಾಬ ಜೀವನದಲ್ಲಿ ಮೊದಲ ಸಲ ಅವನನ್ನು ಮೆಚ್ಚಿಕೊಂಡ.

ಸೈನಿಕ ಆಸ್ಪತ್ರೆಯಲ್ಲಿ ಸುರಜ ಹಲಗೆಯಂತೆ ಅಂಗಾತ ಮಲಗಿದ್ದ. ಮಗನನ್ನು ನೋಡಿದ ಬಾಳಾಸಾಬ ನಿಲ್ಲಲಾಗದೆ ಹೊರಗೆ ಹೋಗಿ ಶಿವರಾಜನ ಪಕ್ಕ ಬೆಂಚಿನ ಮೇಲೆ ಕುಳಿತ. ರೂಪಾಲಿ ಒಳಗೆ ಉಳಿದಳು. ಸುರಜ ಆ ವಿಮಾನವನ್ನು ಬೈಯಲಿಲ್ಲ. ಅದು ಕೆಟ್ಟದ್ದಲ್ಲ, ಅದಕ್ಕೆ ದಣಿವಾಗಿತ್ತು, ಬಿಡಿಭಾಗಕ್ಕಾಗಿ ಒಂದರ ಹೊಟ್ಟೆ ಬಗೆದು ಇನ್ನೊಂದಕ್ಕೆ ಹಾಕುತ್ತಿದ್ದರು, ಹಿಂದಿನ ವಾರವೂ ಎಂಜಿನ್ ಉಸಿರು ಹಿಡಿದಿತ್ತು ಎಂದ.

"ಗೊತ್ತಿದ್ದೂ ಯಾಕ ಹತ್ತಿದ್ರಿ? ಬ್ಯಾಡ ಅನ್ನಬೇಕಾಗಿತ್ತಲ್ರಿ" ಎಂದಳು ರೂಪಾಲಿ.

"ನಾ ಬ್ಯಾಡ ಅಂದಿದ್ರ ಶಿವರಾಜ ಹತ್ತತಿದ್ದ. ಹೊರಗ ಕುಂತಾನಲ್ಲ, ಅವ."

ರೂಪಾಲಿ ಬಾಗಿಲ ಕಡೆ ನೋಡಿದಳು. ಶಿವರಾಜ ಬಾಳಾಸಾಬನಿಗೆ ಬಾಟಲಿಯ ಮುಚ್ಚಳ ತೆಗೆದು ನೀರು ಕುಡಿಸುತ್ತಿದ್ದ.

ವಿಚಾರಣೆ ನಡೆಯಿತು. ಹಿರಿಯ ಅಧಿಕಾರಿಯೊಬ್ಬರು ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಬಂದು, ಎಂಜಿನ್ನಿಗೆ ಹಕ್ಕಿ ಬಡಿದಿರಬೇಕಲ್ಲವೇ ಎಂದು ಮೃದುವಾಗಿ ಕೇಳಿದರು. ಹಕ್ಕಿ ಎಂದರೆ ಎಲ್ಲರಿಗೂ ಅನುಕೂಲ. ಪೈಲಟ್‌ನ ತಪ್ಪಲ್ಲ, ಸಮಿತಿಯ ತಪ್ಪಲ್ಲ, ಮೇಲ್ಮನವಿ ಸಲ್ಲಿಸುವ ಅಭ್ಯಾಸ ಹಕ್ಕಿಗೆ ಇಲ್ಲ. ಸುರಜ ತಾನು ಯಾವ ಹಕ್ಕಿಯನ್ನೂ ನೋಡಲಿಲ್ಲ ಎಂದ. ಅಷ್ಟು ವೇಗದಲ್ಲಿ ಹಕ್ಕಿ ಕಾಣುವುದಿಲ್ಲ, ಕಾಣದಿದ್ದುದೇ ಹಕ್ಕಿ ಇತ್ತೆಂಬುದಕ್ಕೆ ಪುರಾವೆ ಎಂದರು ಅಧಿಕಾರಿ. ಇಷ್ಟು ಹೊತ್ತಿಗೆ ಏಕಸಂಬಿಯಲ್ಲಿಯೂ ಹಕ್ಕಿಯ ಸುದ್ದಿ ಮುಟ್ಟಿ, ಅದು ಹದ್ದೋ ನವಿಲೋ ಎಂಬ ಚರ್ಚೆ ಚಹಾದಂಗಡಿಯಲ್ಲಿ ನಡೆದಿತ್ತು. ಲಗಮಣ್ಣನ ಪ್ರಕಾರ ಅದು ಗಡಿಯಾಚೆಯಿಂದ ಬಂದ ಹಕ್ಕಿ.

ಸುರಜ ಹೇಳಿಕೆಯಲ್ಲಿ ನಡೆದದ್ದನ್ನಷ್ಟೇ ಹೇಳಿದ. ಹಿಂದಿನ ವಾರದ ಎಂಜಿನ್, ತಾನು ಕೊಟ್ಟ ದೂರು, ಆದರೂ ಹಾರಲು ಬಂದ ಒಪ್ಪಿಗೆ. ಇದರಿಂದ ಮುಂದೆ ಬಡ್ತಿಗೆ ತೊಂದರೆಯಾಗಬಹುದು ಎಂದು ಹಿತೈಷಿಗಳು ಎಚ್ಚರಿಸಿದರು. ಬೆನ್ನು ಬಗ್ಗಿಸಲು ಬರದವನಿಗೆ ಬಡ್ತಿಯ ಆಸೆ ಯಾಕೆ ಎಂದು ಅವನು ತಮಾಷೆ ಮಾಡಿದ. ಡಾಕ್ಟರುಗಳು ಅವನಿಗೆ ಇನ್ನು ಯುದ್ಧವಿಮಾನ ಹಾರಿಸಲಾಗದೆಂದು ತೀರ್ಮಾನ ಕೊಟ್ಟರು. ಮೂವತ್ತು ತುಂಬದ ಸುರಜ ಹಾರಾಟದಿಂದ ನಿವೃತ್ತನಾದ. ಅದೇ ವಾರ ಸಮಿತಿ ಮತ್ತೆ ಕೂಡಿ ವಿಮಾನಗಳಿಗೆ ಇನ್ನೊಂದು ವರ್ಷ ಕೊಟ್ಟಿತು.

ಈಗ ಅಣ್ಣಾಸಾಬ ಏಕಸಂಬಿಗೆ ಬಂದು, ಇನ್ನು ಅಡ್ಡಿಯಿಲ್ಲ, ಹುಡುಗ ವಿಮಾನದಿಂದ ಇಳಿದಿದ್ದಾನೆ, ತಾರೀಖು ಹಿಡಿಯೋಣ ಎಂದ. ಸಂತೋಷಪಡಬೇಕಾದ ಬಾಳಾಸಾಬ ಕೆರಳಿದ. ಷರತ್ತು ವಿಮಾನ ನಿವೃತ್ತಿಯಾಗುವುದರ ಬಗ್ಗೆ ಇತ್ತು, ನನ್ನ ಮಗ ನಿವೃತ್ತಿಯಾಗುವುದರ ಬಗ್ಗೆ ಅಲ್ಲ ಎಂದ. ವಿಮಾನ ಇನ್ನೂ ಹಾರುತ್ತಿದೆ, ಆದ್ದರಿಂದ ಮದುವೆ ಇಲ್ಲ ಎಂದು ಹಟ ಹಿಡಿದ. ಅವನ ಮನಸ್ಸಿನೊಳಗೆ ಇದ್ದದ್ದು ಬೇರೆ. ಮುರಿದ ಬೆನ್ನಿನ ಮಗನನ್ನು ಇವರು ಮರುಕದಿಂದ ಒಪ್ಪುತ್ತಿದ್ದಾರೆ ಎಂಬ ಸಂಕಟ ಅದು. ಒಬ್ಬ ಬೇಡವೆಂದಾಗ ಇನ್ನೊಬ್ಬ ಬೇಕೆಂದು, ಈಗ ಇವನು ಬೇಕೆಂದಾಗ ಅವನು ಬೇಡವೆಂದು, ಇಬ್ಬರು ಹಿರಿಯರು ಸೇರಿ ಥೇಟ್ ಸಮಿತಿಯ ಹಾಗೆಯೇ ಮದುವೆಯನ್ನು ಇನ್ನೊಂದು ವರ್ಷ ಮುಂದೂಡುವ ಹಂತಕ್ಕೆ ಬಂದರು.

ಭಾನುವಾರ ರೂಪಾಲಿ ರಾಯಬಾಗದಿಂದ ಸ್ಕೂಟಿಯಲ್ಲಿ ನೇರ ಏಕಸಂಬಿಗೆ ಬಂದಳು. ಸುರಜ ರಜೆಯ ಮೇಲೆ ಬಂದು ಅಂಗಳದಲ್ಲಿ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ನಡೆಯುವ ಅಭ್ಯಾಸ ಮಾಡುತ್ತಿದ್ದ. ಬಾಳಾಸಾಬ ಕಟ್ಟೆಯ ಮೇಲೆ ಕುಳಿತಿದ್ದ. ಆಕೆ ಅವನ ಎದುರೇ ನಿಂತಳು.

"ಮಾಮಾ, ಇವರು ವಿಮಾನ ಹಾರಸ್ತಾರಂತ ನಾ ಒಪ್ಪಿರಲಿಲ್ರಿ. ಹಾರಸಂಗಿಲ್ಲ ಅಂತ ಈಗ ಒಪ್ಪಾಕತ್ತಿಲ್ಲ. ಮೊದಲ ದಿನ ನಕ್ಕರಲ್ಲ, ಅವತ್ತ ಒಪ್ಪೀನಿ. ನೀವು ವಿಮಾನದ ದಾರಿ ಕಾಯ್ರಿ ಬೇಕಾದ್ರ. ನಾವು ಕಾಯಂಗಿಲ್ಲ."

ಬಾಳಾಸಾಬ ಏನೋ ಹೇಳಲು ಹೋದ. ಬಾಗಿಲಲ್ಲಿ ನಿಂತಿದ್ದ ತಾರವ್ವ ಅವನನ್ನು ತಡೆದಳು.

"ಸುಮ್ನಿರ್ರಿ. ಅಕಿಗೆ ಚಹಾ ಆದ್ರೂ ಕುಡಿಯಾಕ ಬಿಡ್ರಿ" ಎಂದಳು.

ಬಾಳಾಸಾಬ ಕಟ್ಟೆಯಿಂದ ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿನ ನಂತರ ಅವನು ಅಣ್ಣಾಸಾಬನಿಗೆ ಫೋನ್ ಹಚ್ಚಿ, ಮಂಗಲ ಕಾರ್ಯಾಲಯ ಖಾಲಿ ಇದೆಯೋ ವಿಚಾರಿಸಿರಿ ಎಂದು ಹೇಳಿದ್ದು ಅಂಗಳದವರೆಗೆ ಕೇಳಿಸಿತು. ಸುರಜ ಕೇಳಿಸದವನಂತೆ ಅಂಗಳದ ಆ ತುದಿಯವರೆಗೆ ನಡೆದು ಹೋದ.

ವಿಚಾರಣೆಯ ವರದಿ ಮದುವೆಗೆ ಮುಂಚೆ ಬಂತು. ಅದರಲ್ಲಿ ಎಂಜಿನ್ನೂ ಇತ್ತು, ಹಕ್ಕಿಯೂ ಇತ್ತು. ಎಂಜಿನ್ ದೋಷ ಇದ್ದಿರಬಹುದು, ಹಕ್ಕಿ ಇಲ್ಲದಿರಲಿಕ್ಕಿಲ್ಲ ಎಂಬಂಥ ವಾಕ್ಯವನ್ನು ಯಾರೋ ಬಹಳ ಶ್ರಮಪಟ್ಟು ಬರೆದಿದ್ದರು. ಯಾರ ಮೇಲೂ ಕ್ರಮವಾಗಲಿಲ್ಲ. ಸುರಜನನ್ನು ದೂರದ ಒಂದು ಉಗ್ರಾಣದ ಕಚೇರಿಗೆ ಹಾಕಿದರು. ಆದರೆ ಅವನ ವಿಮಾನದ ಎಂಜಿನ್ ಜೊತೆಗೇ ತಯಾರಾದ ಎಂಜಿನ್ ಇದ್ದ ವಿಮಾನಗಳನ್ನೆಲ್ಲ, ಕಾರಣ ಹೇಳದೆ, ಸದ್ದಿಲ್ಲದೆ ಶೆಡ್ಡಿನೊಳಗೆ ನಿಲ್ಲಿಸಿದರು. ನಿವೃತ್ತಿ ಎಂದು ಕರೆಯಲಿಲ್ಲ. ತಾತ್ಕಾಲಿಕ ವಿಶ್ರಾಂತಿ ಎಂದು ಹೇಳಿದರು.

ಇದನ್ನೆಲ್ಲ ಹೇಳಿದವನು ಮದುವೆಗೆ ಬಂದ ಶಿವರಾಜ. ವಿಮಾನ ಶೆಡ್ಡಿನಲ್ಲಿರುವುದರಿಂದ ಅವನಿಗೆ ಸುಲಭವಾಗಿ ರಜೆ ಸಿಕ್ಕಿತ್ತು. ಅಕ್ಷತೆ ಬಿದ್ದ ಮೇಲೆ, ಲಗಮಣ್ಣ ಮೈಕಿನಲ್ಲಿ ಗಡಿಯಾಚೆಯ ಹಕ್ಕಿಗಳ ಬಗ್ಗೆ ಮಾತಾಡುತ್ತಿರುವಾಗ, ಶಿವರಾಜ ಊಟದ ಪಂಕ್ತಿಯಲ್ಲಿ ಕುಳಿತ. ತಾರವ್ವ ಜಿಲೇಬಿಯ ಬುಟ್ಟಿ ಹಿಡಿದು ಬಂದವಳು ಅವನ ಮುಂದೆ ನಿಂತಳು. ನಿನ್ನ ವಿಮಾನವೂ ನಿಂತಿದೆಯಂತೆ, ಹೌದೇ ಎಂದು ಕೇಳಿದಳು.

"ಹೌದ್ರಿ ಅವ್ವಾರ. ಸದ್ಯ ನಿಂತದ" ಎಂದ ಶಿವರಾಜ.

ತಾರವ್ವ ಅವನ ಎಲೆಗೆ ಜಿಲೇಬಿ ಹಾಕಿದಳು. ಸಾಕು ಎಂದು ಅವನು ಕೈ ಅಡ್ಡ ಹಿಡಿದ. ಆಕೆ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮತ್ತೆರಡು ಹಾಕಿ, ಅವನು ತಿನ್ನುವುದನ್ನು ನೋಡುತ್ತ ಅಲ್ಲಿಯೇ ನಿಂತಳು.